ಕೆರೆಯ ದನಿಗೆ ತಕ್ಕ ಮೈಕು

ಹೊಸಕೋಟೆ ಕೆರೆಯ ಏರಿಯ ಮೇಲೆ ಅರುಣೋದಯಕ್ಕೆ ಮುನ್ನ ಕೇಳಿಬರುವ ಜಂಬುಕೋಳಿಯ ಕೂಗನ್ನೂ ಕಪ್ಪೆಗಳ ವಟವಟವನ್ನೂ ಎಡಬಲಗಳ ವಿಸ್ತಾರದೊಡನೆ ಮುದ್ರಿಸಿಕೊಳ್ಳಬಯಸುವ ತರುಣರು, ಅಂಗಡಿಯಲ್ಲಿ ಮೈಕಿನ ಗಾತ್ರವನ್ನೂ ಹೆಸರನ್ನೂ ಕೇಳುವರೇ ಹೊರತು, ಅದು ತನ್ನೊಳಗೆ ತಾನೇ ಹುಟ್ಟಿಸುವ ಭುಸುಗುಟ್ಟುವ ಸದ್ದೆಷ್ಟೆಂದು ವಿಚಾರಿಸುವುದು ವಿರಳ. ಸಂಗೀತಸಭೆಯಲ್ಲಿ ಈ ದೋಷ ಗಾಯಕನ ಕಂಠದಡಿಯಲ್ಲಿ ಅಡಗಿಹೋದೀತು. ನಿಶ್ಶಬ್ದವಾದ ಬಯಲಿನಲ್ಲಿ ಅದೇ ಪ್ರಧಾನ ಧ್ವನಿಯಾಗಿ ಪರಿಣಮಿಸುತ್ತದೆ. ಆದುದರಿಂದ, ಸ್ವಯಂಶಬ್ದ ಸುಮಾರು 14 ಡೆಸಿಬೆಲ್ ಮಾತ್ರವಿರುವ ಪ್ರೈಮೋ ಇಎಂ272ರಂತಹ, ಅಂಗಿಯ ಗುಂಡಿಯಷ್ಟೇ ಚಿಕ್ಕದಾದ ಕ್ಯಾಪ್ಸೂಲುಗಳ ಜೋಡಿಯನ್ನು, ಮನುಷ್ಯನ ಕಿವಿಗಳ ನಡುವಣ ಅಂತರದಷ್ಟು, ಎಂದರೆ ಹೆಚ್ಚುಕಡಿಮೆ 17 ಸೆಂಟಿಮೀಟರು ದಪ್ಪವಿರುವ ಮರದ ಕಾಂಡದ ಎರಡು ಪಕ್ಕಗಳಿಗೆ ಕಟ್ಟುವುದೇ ಮಿತವ್ಯಯದ ಉತ್ತಮ ಮಾರ್ಗವೆಂದು ನನ್ನ ಮತ. (ಈ ಕ್ಯಾಪ್ಸೂಲುಗಳಿಗೆ ಬೇಕಾದ ಅಲ್ಪ ವಿದ್ಯುತ್ತನ್ನು, ಎಂದರೆ ಪ್ಲಗ್-ಇನ್ ಪವರನ್ನು, ರೆಕಾರ್ಡರು ಒದಗಿಸುವುದೇ ಎಂಬುದನ್ನು ಮೊದಲೇ ನೋಡಿಕೊಳ್ಳತಕ್ಕದ್ದು.) ಉಳಿದ ಹಣವನ್ನು ತುಪ್ಪಳದ ಗಾಳಿಗವಸಿಗೆ ವ್ಯಯಿಸಿರಿ, ಮಾಕಳಿದುರ್ಗದ ನೆತ್ತಿಯಲ್ಲಿ ಆಷಾಢದ ಗಾಳಿ ಬೀಸುವಾಗ ಬರಿಯ ಸ್ಪಂಜಿನ ಟೋಪಿ ಏನೇನೂ ಸಾಲದು. ವಿಮಾನದ ಮೊರೆತಕ್ಕೆ ಮಾತ್ರ ಯಾವ ಕವಚವೂ ಇಲ್ಲ: 2008ರಲ್ಲಿ ದೇವನಹಳ್ಳಿಯ ನಿಲ್ದಾಣ ತೆರೆದಂದಿನಿಂದ ಇಲ್ಲಿಯ ಆಕಾಶಕ್ಕೆ ರಾತ್ರಿಯೂ ವಿಶ್ರಾಂತಿಯಿಲ್ಲ, ದುಬಾರಿ ಮೈಕು ಆ ಮೊರೆತವನ್ನು ಇನ್ನಷ್ಟು ಸ್ಪಷ್ಟವಾಗಿ ಹಿಡಿದುಕೊಡುವುದಷ್ಟೆ. ಹಣ ಕೂಡಿಸುತ್ತ ಕಾಯದೆ, ಈ ಮಳೆಗಾಲದಲ್ಲಿಯೇ ನಿಮ್ಮೂರ ಕೆರೆಯ ದನಿಯನ್ನು ದಾಖಲಿಸಿಕೊಳ್ಳಿರಿ.