ಮಗನ ಬದಲಿಗೆ ಕುದುರೆ

ಟ್ರಾಯ್ ರಾಜವಂಶದ ಚೆಲುವ ಹುಡುಗ ಗ್ಯಾನಿಮೀಡ್. ಜೀಯಸ್ ಅವನನ್ನು ಮೆಚ್ಚಿ ಒಲಿಂಪಸ್ಸಿಗೆ ಕರೆದೊಯ್ದ, ದೇವತೆಗಳ ಬಟ್ಟಲು ತುಂಬುವ ಕೆಲಸ ಕೊಟ್ಟ, ಸಾವಿಲ್ಲದವನನ್ನಾಗಿ ಮಾಡಿದ. ಗ್ರೀಕ್ ಪುರಾಣದ ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಷ್ಟಕ್ಕೇ ನಿಲ್ಲಿಸಿ ಹುಡುಗನನ್ನು ಭಾಗ್ಯವಂತ ಎಂದುಬಿಡುತ್ತಾರೆ. ಮನುಷ್ಯನಾಗಿ ಹುಟ್ಟಿ ದೇವತೆಗಳ ಮನೆಯಲ್ಲಿ ಬದುಕುವುದೆಂದರೆ ಸಾಮಾನ್ಯವೇ ಎಂಬ ಧಾಟಿ. ನನ್ನ ತಕರಾರು ಇರುವುದು 'ಕರೆದೊಯ್ದ' ಎಂಬ ಆ ಒಂದು ಮಾತಿನ ಮೇಲೆ. ಕರೆಯಬೇಕಾದರೆ ಕೇಳಬೇಕು. ಈ ಹುಡುಗನನ್ನು ಯಾರೂ ಕೇಳಲಿಲ್ಲ. ಅವನು ಅಪಹೃತ ಮಗು. ನಾವು ಈ ಪದವನ್ನು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಹಳೆಯ ಗ್ರೀಕರು ಹೇಳಿದ್ದರು.

ಇಲಿಯಡ್‌ನ 20ನೆಯ ಸರ್ಗದಲ್ಲಿ ಈನಿಯಸ್ ಅಕಿಲೀಸನೆದುರು ನಿಂತು ತನ್ನ ವಂಶಾವಳಿ ಹೇಳಿಕೊಳ್ಳುತ್ತಾನೆ. ಟ್ರೋಸ್ ಎಂಬ ದೊರೆಗೆ ಮೂವರು ಮಕ್ಕಳು: ಇಲಸ್, ಅಸಾರಕಸ್, ಗ್ಯಾನಿಮೀಡ್. ಮೊದಲ ಇಬ್ಬರಿಂದ ವಂಶ ಕವಲೊಡೆದು ಒಂದು ಕಡೆ ಪ್ರಿಯಾಮ್ ಮತ್ತು ಹೆಕ್ಟರ್, ಇನ್ನೊಂದು ಕಡೆ ಆಂಕೈಸಿಸ್ ಮತ್ತು ಈನಿಯಸ್. ಮೂರನೆಯವನ ಹೆಸರಿನ ಕೆಳಗೆ ಯಾರೂ ಇಲ್ಲ. ಚೆಲುವಿಗಾಗಿ ದೇವತೆಗಳು ಎತ್ತಿಕೊಂಡು ಹೋದರು ಎಂಬಲ್ಲಿಗೆ ಆ ಕೊಂಬೆ ಮುಗಿಯುತ್ತದೆ.

ಅದೇ ಕಾವ್ಯದ 5ನೆಯ ಸರ್ಗದಲ್ಲಿ ಇನ್ನೊಂದು ವಿಷಯ ಹೊರಬರುತ್ತದೆ. ಮಗನಿಗೆ ಬದಲಾಗಿ ಜೀಯಸ್ ಟ್ರೋಸನಿಗೆ ಕುದುರೆಗಳನ್ನು ಕೊಟ್ಟಿದ್ದ. ಈ ಕೊಡುಗೆಗೆ ಹೋಮರ್ ಬಳಸುವ ಪದ 'ಪೊಯ್ನೆ'. ಅಕಿಲೀಸನ ಗುರಾಣಿಯ ಮೇಲೆ ಕೆತ್ತಿದ ಚಿತ್ರಗಳಲ್ಲಿ ಊರಿನ ನಡುವೆ ಇಬ್ಬರು ವ್ಯಾಜ್ಯವಾಡುವ ದೃಶ್ಯವಿದೆಯಲ್ಲ, ಅಲ್ಲಿಯೂ ಇದೇ ಪದ ಬರುತ್ತದೆ. ಅಲ್ಲಿನ ಜಗಳ ಕೊಲೆಯಾದ ಮನುಷ್ಯನೊಬ್ಬನಿಗಾಗಿ ತೆರಬೇಕಾದ ಪರಿಹಾರದ್ದು. ಅಂದರೆ ಹೋಮರನ ಭಾಷೆಯಲ್ಲಿ ಟ್ರೋಸ್ ಪಡೆದದ್ದು ಉಡುಗೊರೆಯಲ್ಲ, ಮನುಷ್ಯನನ್ನು ಕಳೆದುಕೊಂಡವರಿಗೆ ಕೊಡುವ ದಂಡ. ತಪ್ಪೇ ಆಗದಿದ್ದರೆ ದಂಡ ಯಾಕೆ?

ಹೋಮರನ ಹೆಸರಿನಲ್ಲಿ ಉಳಿದುಬಂದಿರುವ ಅಫ್ರೊಡೈಟಿ ಸ್ತೋತ್ರ ಇನ್ನೂ ನಿಷ್ಠುರ. ಅದರಲ್ಲಿ ಹದ್ದಿಲ್ಲ, ಸುಂಟರಗಾಳಿಯಿದೆ. ಗಾಳಿ ಮಗನನ್ನು ಎಲ್ಲಿಗೆ ಹೊತ್ತೊಯ್ದಿತು ಎಂಬುದೂ ಟ್ರೋಸನಿಗೆ ಗೊತ್ತಿಲ್ಲ. ಅವನು ದಿನವೂ ಅಳುತ್ತಾನೆ. ಕೊನೆಗೆ ಜೀಯಸ್ಸಿಗೆ ಕನಿಕರ ಹುಟ್ಟಿ ಕುದುರೆಗಳನ್ನು ಕೊಡುತ್ತಾನೆ, ನಿನ್ನ ಮಗನಿಗೆ ಇನ್ನು ಮುಪ್ಪೂ ಇಲ್ಲ ಸಾವೂ ಇಲ್ಲ ಎಂದು ಹರ್ಮಿಸ್ ಮೂಲಕ ಹೇಳಿಕಳಿಸುತ್ತಾನೆ. ಇಲ್ಲಿ ಕುದುರೆಗಳಿಗಿರುವ ಹೆಸರು 'ಅಪೊಯ್ನ'. ಇಲಿಯಡ್‌ನ ಆರಂಭದಲ್ಲಿ ಪೂಜಾರಿ ಕ್ರೈಸಿಸ್ ಸೆರೆಯಾದ ಮಗಳನ್ನು ಬಿಡಿಸಿಕೊಳ್ಳಲು ಗ್ರೀಕರ ಪಾಳೆಯಕ್ಕೆ ಹೊತ್ತು ತರುವುದೂ ಅಪೊಯ್ನವನ್ನೇ. ಅಲ್ಲಿ ತಂದೆ ಹಣ ತಂದು ಮಗಳನ್ನು ಕೇಳುತ್ತಾನೆ. ಇಲ್ಲಿ ಒಯ್ದವನೇ ಬೆಲೆ ಕೊಟ್ಟು ಮಗನನ್ನು ಇಟ್ಟುಕೊಳ್ಳುತ್ತಾನೆ. ಸುದ್ದಿ ಕೇಳಿದ ಮೇಲೆ ಟ್ರೋಸ್ ಅಳು ನಿಲ್ಲಿಸಿ ಹಿಗ್ಗುತ್ತಾ ಕುದುರೆ ಓಡಿಸಿದನಂತೆ. ಈ ಹಿಗ್ಗನ್ನು ನಾನು ನಂಬುವುದಿಲ್ಲ. ಇದನ್ನು ಹೇಳುತ್ತಿರುವವಳು ಅಫ್ರೊಡೈಟಿ. ಹೇಳುತ್ತಿರುವುದು ತಾನು ಆಗಷ್ಟೇ ಕೂಡಿದ ಮನುಷ್ಯ ಆಂಕೈಸಿಸ್‌ಗೆ, ಅವನ ಹೆದರಿಕೆ ಕಳೆಯಲು. ದೇವತೆಗಳ ಪರವಾಗಿ ದೇವತೆಯೇ ನುಡಿದ ಸಾಕ್ಷಿ ಅದು.

ಕನ್ನಡದ 'ಪರಿಹಾರ'ದಲ್ಲೂ ಇಂಥದೇ ಒಂದು ಚಾಲಾಕಿ ಅಡಗಿದೆ. ಕೊಟ್ಟ ದುಡ್ಡಿಗೂ ಅದೇ ಹೆಸರು, ಕಷ್ಟ ತೀರಿದ್ದಕ್ಕೂ ಅದೇ ಹೆಸರು.

ಆ ಕುದುರೆಗಳ ಮುಂದಿನ ಕಥೆಯನ್ನು ನೋಡಬೇಕು, ಏಕೆಂದರೆ ಹುಡುಗನ ಕಥೆಗಿಂತ ಅದು ಉದ್ದವಾಗಿದೆ. ಟ್ರೋಸನ ಮೊಮ್ಮಗ ಲಾಮೆಡಾನ್ ಕಡಲ ಪ್ರಾಣಿಯ ಬಾಯಿಂದ ಮಗಳನ್ನು ಉಳಿಸಿಕೊಳ್ಳಲು ಹೆರಾಕ್ಲೀಸ್‌ಗೆ ಕುದುರೆಗಳ ಆಸೆ ತೋರಿಸಿ, ಕೆಲಸ ಮುಗಿದ ಮೇಲೆ ಕೈಕೊಟ್ಟ. ಹೆರಾಕ್ಲೀಸ್ ಆರು ಹಡಗು ತಂದು ಊರನ್ನೇ ಸೂರೆ ಮಾಡಿದ. ಆಂಕೈಸಿಸ್ ಲಾಮೆಡಾನನ ಕಣ್ಣು ತಪ್ಪಿಸಿ ತನ್ನ ಹೆಣ್ಣುಕುದುರೆಗಳನ್ನು ಅವುಗಳ ಜೊತೆ ಬಿಟ್ಟು ಆರು ಮರಿಗಳನ್ನು ಪಡೆದ, ಅದರಲ್ಲಿ ಎರಡನ್ನು ಈನಿಯಸ್‌ಗೆ ಕೊಟ್ಟ. ಯುದ್ಧಭೂಮಿಯಲ್ಲಿ ಡಯೋಮಿಡೀಸ್ ಅವನ್ನು ಕಿತ್ತುಕೊಂಡ. ಪೆಟ್ರೋಕ್ಲಸ್‌ನ ಉತ್ತರಕ್ರಿಯೆಯ ರಥಪಂದ್ಯದಲ್ಲಿ ಅವೇ ಕುದುರೆ ಕಟ್ಟಿ ಮೊದಲ ಬಹುಮಾನ ಗೆದ್ದ. ಬಹುಮಾನ ಏನೆಂದು ಬಲ್ಲಿರಾ? ಒಂದು ಮುಕ್ಕಾಲಿ ಪಾತ್ರೆ, ಜೊತೆಗೆ ಕೈಕೆಲಸ ಬಲ್ಲ ಒಬ್ಬ ಹೆಂಗಸು. ಒಂದು ಮಗುವಿನ ಬೆಲೆಯಾಗಿ ಬಂದ ತಳಿ ಕೊನೆಗೆ ಇನ್ನೊಂದು ಜೀವವನ್ನು ಗೆದ್ದು ತಂದಿತು. ಇಷ್ಟು ತಲೆಮಾರುಗಳಲ್ಲಿ ಕುದುರೆಗಾಗಿ ಯುದ್ಧ, ಕುದುರೆಗಾಗಿ ಕಳ್ಳತನ, ಕುದುರೆಗಾಗಿ ವಚನಭಂಗ. ಹುಡುಗ ಹೇಗಿದ್ದಾನೆಂದು ವಿಚಾರಿಸಿದವರು ಒಬ್ಬರೂ ಇಲ್ಲ.

ಈಗ ಎದುರುವಾದಕ್ಕೆ ಬರೋಣ. ಅದು ಸಾಂಕೇತಿಕ, ಆತ್ಮ ದೈವದತ್ತ ಏರುವುದರ ರೂಪಕ ಎನ್ನುವವರಿದ್ದಾರೆ. ಈ ವಾದ ಹೊಸದೇನಲ್ಲ. ಜೆನೊಫನ್‌ನ 'ಸಿಂಪೋಸಿಯಂ'ನಲ್ಲಿ ಸಾಕ್ರಟೀಸ್ ಗ್ಯಾನಿಮೀಡ್ ಎಂಬ ಹೆಸರನ್ನೇ ಎರಡು ತುಂಡು ಮಾಡಿ, ಒಂದರಲ್ಲಿ ಆನಂದವನ್ನೂ ಇನ್ನೊಂದರಲ್ಲಿ ಬುದ್ಧಿಯನ್ನೂ ಕಂಡು, ಜೀಯಸ್ ಒಲಿದದ್ದು ದೇಹಕ್ಕಲ್ಲ ಮನಸ್ಸಿಗೆ ಎಂದು ಸಾಧಿಸುತ್ತಾನೆ. ಹೆಸರು ಒಡೆದು ಅರ್ಥ ಹಿಂಡುವ ಈ ಚಮತ್ಕಾರ ನಮ್ಮ ಪ್ರವಚನಕಾರರಿಗೂ ಪ್ರಿಯ, ಆದ್ದರಿಂದ ನಮಗೆ ಅದರ ರುಚಿ ಗೊತ್ತು. ಆದರೆ ಹೋಮರ್ ಸ್ಪಷ್ಟವಾಗಿ ಚೆಲುವಿಗಾಗಿ ಎನ್ನುತ್ತಾನೆ. ಪ್ಲೇಟೋ ತನ್ನ 'ಲಾಸ್' ಗ್ರಂಥದಲ್ಲಿ ಇನ್ನೂ ಒರಟಾಗಿ, ಕ್ರೀಟಿನವರು ತಮ್ಮ ಸುಖಕ್ಕೆ ದೇವರ ಮೇಲ್ಪಂಕ್ತಿ ಬೇಕೆಂದು ಈ ಕಥೆ ಕಟ್ಟಿದರೆಂಬುದು ಎಲ್ಲರ ಆರೋಪ ಎಂದು ಆಡಿಸುತ್ತಾನೆ. ಪ್ಲೇಟೋನ ಕೋಪ ಗಂಡು ಗಂಡಿನ ಕೂಟದ ಮೇಲೆ. ಅದು ನನ್ನ ಕೋಪವಲ್ಲ. ಒಪ್ಪಿ ಕೂಡಿದವರ ಬಗ್ಗೆ ನನಗೇನೂ ಹೇಳುವುದಿಲ್ಲ. ಬಲವಂತ ಇರುವಲ್ಲಿ ಪ್ರೇಮ ಎಂಬ ಹೆಸರು ಅಂಟಿಸಬೇಡಿ ಎಂಬುದಷ್ಟೇ ನನ್ನ ಮಾತು.

ಆ ಕಾಲದ ಮೌಲ್ಯ ಬೇರೆ, ಈ ಕಾಲದ ಕನ್ನಡಕ ಹಾಕಿ ನೋಡಬಾರದು ಎಂಬುದು ಇನ್ನೊಂದು ವಾದ. ಸರಿ, ಕನ್ನಡಕ ತೆಗೆದಿಡೋಣ. ವರ್ಜಿಲ್ 'ಈನಿಯಡ್'ನ 5ನೆಯ ಸರ್ಗದಲ್ಲಿ ಬಹುಮಾನದ ಮೇಲಂಗಿಯೊಂದರ ಮೇಲೆ ಈ ಘಟನೆಯ ನೇಯ್ಗೆಯನ್ನು ವರ್ಣಿಸುತ್ತಾನೆ. ಹದ್ದು ಹುಡುಗನನ್ನು ಎತ್ತಿಕೊಂಡು ಹಾರಿದೆ, ಅವನನ್ನು ಕಾಯುತ್ತಿದ್ದ ಮುದುಕರು ಆಕಾಶಕ್ಕೆ ಕೈಚಾಚಿದ್ದಾರೆ, ನಾಯಿಗಳು ಬರಿಗಾಳಿಗೆ ಬೊಗಳುತ್ತಿವೆ. ಕ್ರಿಸ್ತಶಕ 2ನೆಯ ಶತಮಾನದ ಲೂಸಿಯನ್ ಇದನ್ನೇ ಹಾಸ್ಯ ಸಂಭಾಷಣೆಯಾಗಿ ಬರೆದ. ಅಲ್ಲಿ ಹುಡುಗನಿಗೆ ತನ್ನನ್ನು ತಂದವನು ಯಾರೆಂದೇ ತಿಳಿಯದು. ಕುರಿ ಮಂದೆ ಬಿಟ್ಟುಬಂದಿದ್ದೇನೆ, ಅಪ್ಪ ಬೈಯುತ್ತಾನೆ, ಬಿಟ್ಟುಬಿಡು, ನಿನಗೊಂದು ಟಗರು ಬಲಿ ಕೊಡುತ್ತೇನೆ ಎಂದು ಗೋಗರೆಯುತ್ತಾನೆ. ರಾತ್ರಿ ಎಲ್ಲಿ ಮಲಗಲಿ ಎಂದು ಕೇಳುತ್ತಾನೆ. ಓದುವಾಗ ನಗು ಬರುತ್ತದೆ, ಆ ಪ್ರಶ್ನೆಗೆ ಬರುವ ಉತ್ತರದಲ್ಲಿ ನಗು ಇಂಗುತ್ತದೆ. 1635ರಲ್ಲಿ ರೆಂಬ್ರಾಂಟ್ ಬರೆದ ಚಿತ್ರ ಈಗ ಡ್ರೆಸ್ಡನ್‌ನಲ್ಲಿದೆ. ಅದರಲ್ಲಿ ಗ್ಯಾನಿಮೀಡ್ ಯುವಕನೂ ಅಲ್ಲ. ಅಂಗಿ ಮೇಲೆದ್ದ, ಮುಖ ಸೊಟ್ಟಗೆ ಮಾಡಿ ಅಳುವ, ಹೆದರಿ ಉಚ್ಚೆ ಹೊಯ್ದುಕೊಳ್ಳುತ್ತಿರುವ ಹಸುಳೆ. ಕಾಲದ ಮೌಲ್ಯದ ಮಾತು ಆಡುವವರು ಇವರಲ್ಲಿ ಯಾರ ಕಾಲದ ಬಗ್ಗೆ ಹೇಳುತ್ತಿದ್ದಾರೆ?

ಆಕಾಶದಲ್ಲೂ ಅವನನ್ನು ಬಿಟ್ಟಿಲ್ಲ ಎಂಬುದು ಬೇರೆ ಮಾತು. ನಮ್ಮ ಪಂಚಾಂಗದ ಕುಂಭರಾಶಿಯನ್ನು ಗ್ರೀಕರು ಗ್ಯಾನಿಮೀಡನೆಂದೇ ಗುರುತಿಸುತ್ತಿದ್ದರು. ಅವನನ್ನು ಎತ್ತಿದ ಹದ್ದೂ ಒಂದು ನಕ್ಷತ್ರಪುಂಜ, ನಾವು ಶ್ರವಣ ಎನ್ನುವ ನಕ್ಷತ್ರ ಅದರಲ್ಲೇ ಹೊಳೆಯುತ್ತದೆ. ಗುರುಗ್ರಹದ, ಅಂದರೆ ರೋಮನ್ನರ ಜೀಯಸ್ಸಾದ ಜುಪಿಟರನ, ಅತಿ ದೊಡ್ಡ ಉಪಗ್ರಹಕ್ಕೂ ಅವನ ಹೆಸರೇ. ಅಪಹರಿಸಿದವನ ಸುತ್ತಲೇ ಇನ್ನೂ ತಿರುಗುತ್ತಿದ್ದಾನೆ.

ದೇವತೆಗಳ ಮನೆ ಸೇರಿದ ಟ್ರಾಯ್‌ನ ಇನ್ನೊಬ್ಬ ಟಿಥೋನಸ್, ಪ್ರಿಯಾಮನ ಅಣ್ಣತಮ್ಮಂದಿರಲ್ಲಿ ಒಬ್ಬ. ಉಷೆಯ ದೇವತೆ ಇಯೋಸ್ ಅವನನ್ನು ಎತ್ತಿಕೊಂಡು ಹೋಗಿ ಸಾವಿಲ್ಲದ ವರ ಕೇಳಿದಳು, ಯೌವನ ಕೇಳಲು ಮರೆತಳು. ಈ ಮರೆವನ್ನು ನಾವು ಸ್ವಾರಸ್ಯದಿಂದ ಹೇಳುತ್ತೇವೆ, ವರ ಕೇಳುವಾಗ ಎಚ್ಚರವಿರಬೇಕು ಎಂಬ ನೀತಿ ತೆಗೆಯುತ್ತೇವೆ. ವರ ಕೇಳಿದವಳು ಅವಳು, ಅನುಭವಿಸಿದವನು ಅವನು. ಕೂದಲು ನರೆತಾಗ ಅವಳು ಅವನ ಹಾಸಿಗೆ ಬಿಟ್ಟಳು. ಕೈಕಾಲು ಆಡದಾದಾಗ ಕೋಣೆಯೊಂದರಲ್ಲಿ ಮಲಗಿಸಿ ಹೊಳೆಯುವ ಬಾಗಿಲು ಮುಚ್ಚಿದಳು. ಒಳಗಿಂದ ಅವನ ದನಿ ಮಾತ್ರ ಹರಿಯುತ್ತಲೇ ಇರುತ್ತದೆ. ಬಾಗಿಲು ಹೊಳೆಯುತ್ತಿತ್ತು ಎಂದು ಕವಿ ಹೇಳಿದ್ದು ಸುಮ್ಮನೆ ಇರಲಾರದು.

ಬಾಯಿಬಿಟ್ಟು ಕೇಳಿಸಿಕೊಂಡವನು ಒಡಿಸ್ಯೂಸ್. ನನ್ನ ಜೊತೆ ಇದ್ದರೆ ಸಾವು ಮುಪ್ಪು ಇಲ್ಲ ಎಂದು ಕ್ಯಾಲಿಪ್ಸೊ ಹೇಳಿದಾಗ, ಏಳು ವರ್ಷ ಆ ದ್ವೀಪದಲ್ಲಿ ಕಳೆದಿದ್ದವನು ಬೇಡ, ಮನೆಗೆ ಹೋಗಬೇಕು ಎಂದ. ಹೆಂಡತಿ ನಿನ್ನಷ್ಟು ಚೆಲುವೆಯಲ್ಲ, ಒಂದು ದಿನ ಸಾಯುವವಳು ಎಂಬುದನ್ನು ಒಪ್ಪಿಕೊಂಡೇ ಹಾಗೆಂದ. ಅವರಿಬ್ಬರೂ ಎದುರುಬದುರು ಊಟಕ್ಕೆ ಕೂತಾಗ ಅವಳ ಮುಂದೆ ದೇವತೆಗಳ ಆಹಾರ, ಅವನ ಮುಂದೆ ಮನುಷ್ಯರು ತಿನ್ನುವಂಥದ್ದು. ಒಂದೇ ಪಂಕ್ತಿ, ಎರಡು ಅಡುಗೆ. ಪಂಕ್ತಿಭೇದ ಎಂದರೇನೆಂದು ಗೊತ್ತಿರುವ ನಮಗೆ ಈ ಸಾಲು ಬೇರೆ ಯಾರಿಗಿಂತಲೂ ಬೇಗ ಹತ್ತಬೇಕಿತ್ತು. ಕೇಳಿದಾಗ ಮನುಷ್ಯ ಬೇಡವೆಂದ ಕಥೆ ಪಕ್ಕದಲ್ಲೇ ಇರುವಾಗ, ಕೇಳದೆ ಒಯ್ದವನಿಗೆ ಇಷ್ಟವಿತ್ತು ಎಂದು ನಾವು ಯಾವ ಧೈರ್ಯದಿಂದ ಹೇಳುತ್ತೇವೆ?

ನಮ್ಮವನೊಬ್ಬ ಮೇಲಿದ್ದಾನೆ, ದೊಡ್ಡವರ ಪಕ್ಕದಲ್ಲೇ ನಿಂತಿದ್ದಾನೆ ಎಂಬ ಹೆಮ್ಮೆ ಟ್ರಾಯ್‌ಗೂ ಇದ್ದಿರಬೇಕು. ಆ ಹೆಮ್ಮೆಯನ್ನು ಯೂರಿಪಿಡೀಸ್ ಕ್ರಿಸ್ತಪೂರ್ವ 415ರಲ್ಲಿ ರಂಗದ ಮೇಲೆ ತಂದು ನಿಲ್ಲಿಸಿದ. 'ಟ್ರಾಯ್‌ನ ಸ್ತ್ರೀಯರು' ನಾಟಕದಲ್ಲಿ ಊರು ಬಿದ್ದಿದೆ, ಗಂಡಸರು ಸತ್ತಿದ್ದಾರೆ, ಹೆಂಗಸರನ್ನು ಗೆದ್ದವರಿಗೆ ಹಂಚಲಾಗುತ್ತಿದೆ. ಆ ಹೆಂಗಸರ ಮೇಳ ಗ್ಯಾನಿಮೀಡನನ್ನು ಹೆಸರು ಹಿಡಿದು ಕರೆಯುತ್ತದೆ. ನೀನು ಚಿನ್ನದ ಹೂಜಿಗಳ ನಡುವೆ ನಾಜೂಕಾಗಿ ಹೆಜ್ಜೆಯಿಡುತ್ತಾ ಜೀಯಸ್‌ನ ಬಟ್ಟಲು ತುಂಬುತ್ತಿದ್ದೀಯೆ, ನಿನ್ನನ್ನು ಹೆತ್ತ ಊರು ಉರಿಯುತ್ತಿದೆ, ನೀನು ಮೀಯುತ್ತಿದ್ದ ಕೊಳಗಳು, ಓಡುತ್ತಿದ್ದ ಅಂಗಳಗಳು ಇನ್ನಿಲ್ಲ ಎನ್ನುತ್ತಾರೆ. ಸಿಂಹಾಸನದ ಪಕ್ಕದಲ್ಲಿ ಅವನ ಮುಖ ಮಾತ್ರ ಎಳೆಯದಾಗಿ, ಶಾಂತವಾಗಿ ಇದೆ. ಮರುಕ್ಷಣವೇ ಇಯೋಸ್‌ಳ ನೆನಪು: ಈ ನೆಲದ ಮಗನನ್ನೇ ಗಂಡನಾಗಿ ಇಟ್ಟುಕೊಂಡವಳು ಈ ನೆಲ ಸುಡುವುದನ್ನು ನೋಡಿಕೊಂಡೇ ಉದಯಿಸಿದಳು.

ಮೇಲಿನಿಂದ ಉತ್ತರ ಬರುವುದಿಲ್ಲ. ನಾಟಕ ಪ್ರದರ್ಶನವಾಗುವ ಕೆಲವೇ ತಿಂಗಳ ಹಿಂದೆ ಅಥೆನ್ಸ್ ಮೀಲಾಸ್ ದ್ವೀಪವನ್ನು ಗೆದ್ದು, ಗಂಡಸರನ್ನು ಕೊಂದು, ಹೆಂಗಸರು ಮಕ್ಕಳನ್ನು ಗುಲಾಮರಾಗಿ ಮಾರಿತ್ತು. ಪ್ರೇಕ್ಷಕರಲ್ಲಿ ಆ ಕೆಲಸ ಮಾಡಿಬಂದವರೂ ಇದ್ದಿರಬಹುದು. ಆ ವರ್ಷದ ಸ್ಪರ್ಧೆಯಲ್ಲಿ ಯೂರಿಪಿಡೀಸನಿಗೆ ಎರಡನೆಯ ಸ್ಥಾನ ಸಿಕ್ಕಿತು.