ಸೆಸ್ಕ್‌ನ ಬರದ ವರ್ಷ: ಗಂಟೆಗಳ ಲೆಕ್ಕ ಇಟ್ಟವರಾರು?

ಕನ್ನಂಬಾಡಿ ತುಂಬಿದರೆ ಮಂಡ್ಯ ಜಿಲ್ಲೆ ಹಿಂದಿನ ವರ್ಷದ ಕಷ್ಟವನ್ನು ಮರೆಯುತ್ತದೆ. 2024ರ ಜುಲೈನಲ್ಲಿ ಅಣೆಕಟ್ಟೆ 124.80 ಅಡಿಯ ಗರಿಷ್ಠ ಮಟ್ಟ ಮುಟ್ಟಿತು. 2025ರಲ್ಲಂತೂ ಜೂನ್ ತಿಂಗಳಲ್ಲೇ ಭರ್ತಿಯಾಗಿ ಮುಖ್ಯಮಂತ್ರಿಗಳು ಬಾಗಿನ ಅರ್ಪಿಸಿದರು. ನಾಲೆಗಳಲ್ಲಿ ನೀರು ಹರಿಯಿತು, ಪಂಪ್‌ಸೆಟ್‌ಗಳ ಮೇಲಿನ ಒತ್ತಡ ಇಳಿಯಿತು, ವಿದ್ಯುತ್ ಕಚೇರಿಗಳ ಮುಂದಿನ ಗದ್ದಲವೂ ಕಡಿಮೆಯಾಯಿತು. ಆದರೆ ಅದಕ್ಕೂ ಹಿಂದಿನ ವರ್ಷ, ಅಂದರೆ 2023-24ನೇ ಸಾಲು, ಮಂಡ್ಯ, ಮದ್ದೂರು, ಮಳವಳ್ಳಿಗೆ ವಿದ್ಯುತ್ ಪೂರೈಸುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ (ಸೆಸ್ಕ್) ಪಾಲಿಗೆ ನಿಜವಾದ ಪರೀಕ್ಷೆಯ ವರ್ಷವಾಗಿತ್ತು. ಆ ಪರೀಕ್ಷೆಯ ಫಲಿತಾಂಶವನ್ನು ಇಂದಿಗೂ ಯಾರೂ ಸರಿಯಾಗಿ ಓದಿಲ್ಲ.

ಆ ವರ್ಷದ ಆಗಸ್ಟ್‌ನಲ್ಲಿ ಗೃಹಜ್ಯೋತಿ ಯೋಜನೆಯಡಿ ಮನೆಮನೆಗೆ ಶೂನ್ಯ ಮೊತ್ತದ ಬಿಲ್ಲು ಬಂದಿತು. ಅಕ್ಟೋಬರ್‌ನಲ್ಲಿ ಅದೇ ಮನೆಯವರ ಗದ್ದೆಯ ಪಂಪ್‌ಸೆಟ್‌ಗೆ ಸಿಗಬೇಕಿದ್ದ ತ್ರೀಫೇಸ್ ವಿದ್ಯುತ್ ದಿನಕ್ಕೆ 7 ಗಂಟೆಯಿಂದ 5 ಗಂಟೆಗೆ ಇಳಿಯಿತು. ಮೊದಲನೆಯದಕ್ಕೆ ಕಾಗದದ ದಾಖಲೆಯುಂಟು. ಎರಡನೆಯದಕ್ಕೆ ರೈತನ ಕೈಯಲ್ಲಿ ಯಾವ ದಾಖಲೆಯೂ ಇಲ್ಲ.

ಸೆಸ್ಕ್ ಹಳೆಯ ಸಂಸ್ಥೆಯೇನಲ್ಲ. 1957ರ ಕರ್ನಾಟಕ ವಿದ್ಯುಚ್ಛಕ್ತಿ ಮಂಡಳಿ 1999ರಲ್ಲಿ ಕೆಪಿಟಿಸಿಎಲ್ ಆಯಿತು. 2002ರ ಜೂನ್‌ನಲ್ಲಿ ವಿತರಣೆಯ ಕೆಲಸ ನಾಲ್ಕು ಕಂಪನಿಗಳ ಪಾಲಾದಾಗ ಮಂಡ್ಯ ಜಿಲ್ಲೆ ಮಂಗಳೂರು ಕೇಂದ್ರಿತ ಮೆಸ್ಕಾಂಗೆ ಸೇರಿತು. ಕರಾವಳಿಗೂ ಕಾವೇರಿ ಬಯಲಿಗೂ ಒಂದೇ ಕಂಪನಿ ಹೊಂದದೆಂದು ಮನವರಿಕೆಯಾದ ಮೇಲೆ 2005ರ ಏಪ್ರಿಲ್‌ನಿಂದ ಮೈಸೂರು, ಮಂಡ್ಯ, ಚಾಮರಾಜನಗರ, ಹಾಸನ, ಕೊಡಗು ಜಿಲ್ಲೆಗಳಿಗೆ ಪ್ರತ್ಯೇಕ ನಿಗಮ ಕಾರ್ಯಾರಂಭ ಮಾಡಿತು. ಹೆಸರು ಇಷ್ಟು ಸಲ ಬದಲಾದರೂ ಹಳ್ಳಿಗಳಲ್ಲಿ ಲೈನ್‌ಮನ್ ಇಂದಿಗೂ 'ಕೆಇಬಿಯವರು'. ಹೊರಗಿನವರಿಗೆ ಇದು ತಮಾಷೆಯಾಗಿ ಕಂಡೀತು. ಕಂಪನಿ ಎಂಬ ಮಾತು ಊರೊಳಗೆ ಇನ್ನೂ ನೆಲೆಯೂರಿಲ್ಲ ಎಂಬುದರ ಗುರುತೂ ಹೌದು.

ವಿಪರ್ಯಾಸವೆಂದರೆ, ವಿದ್ಯುತ್ತಿನ ವಿಷಯದಲ್ಲಿ ಈ ಸೀಮೆ ರಾಜ್ಯಕ್ಕೇ ಹಿರಿಯದು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲಿ ಹೊರಟ ವಿದ್ಯುತ್ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. 1905ರಲ್ಲಿ ಬೆಂಗಳೂರಿನ ಬೀದಿ ಬೆಳಗಿತು. 1940ರಲ್ಲಿ ಅದೇ ತಾಲ್ಲೂಕಿನಲ್ಲಿ ಶಿಂಷಾ ಕೇಂದ್ರ ಬಂದಿತು. ಇಂದು ಬೆಂಗಳೂರಿಗೆ ಕಾವೇರಿ ನೀರನ್ನು ಎತ್ತುವ ತೊರೆಕಾಡನಹಳ್ಳಿಯ ಸ್ಥಾವರವೂ ಮಳವಳ್ಳಿ ತಾಲ್ಲೂಕಿನದೇ. ದೂರದ ಊರಿಗೆ ಬೆಳಕನ್ನೂ ನೀರನ್ನೂ ಕಳುಹಿಸಿದ ನೆಲದಲ್ಲಿ ಹೆಚ್ಚಿನ ಹಳ್ಳಿಗಳು ತಮ್ಮ ಪಾಲಿನ ಕಂಬಕ್ಕಾಗಿ ದಶಕಗಳ ಕಾಲ ಕಾಯಬೇಕಾಯಿತು.

2023ರ ಮುಂಗಾರು ಕೈಕೊಟ್ಟಾಗ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಸೆಪ್ಟೆಂಬರ್‌ನಲ್ಲಿ ಕನ್ನಂಬಾಡಿಯ ನೀರಿನ ಮಟ್ಟ 100 ಅಡಿಗಿಂತ ಕೆಳಗಿಳಿದಿತ್ತು. ತಮಿಳುನಾಡಿಗೆ ದಿನಕ್ಕೆ 5 ಸಾವಿರ ಕ್ಯುಸೆಕ್ ಬಿಡುವ ಆದೇಶದಲ್ಲಿ ಮಧ್ಯಪ್ರವೇಶಿಸಲು ಸುಪ್ರೀಂ ಕೋರ್ಟ್ ಸೆಪ್ಟೆಂಬರ್ 21ರಂದು ನಿರಾಕರಿಸಿತು. ಎರಡು ದಿನಗಳ ನಂತರ ಮಂಡ್ಯ ಬಂದ್ ನಡೆಯಿತು. ಆಗ ಸಂಜಯ ವೃತ್ತದ ಧರಣಿ, ಹೆದ್ದಾರಿ ತಡೆ ಎಲ್ಲರ ಕಣ್ಣಿಗೂ ಬಿದ್ದವು. ಕಾಣದೇ ಹೋದದ್ದು ನೀರಿನ ಸಂಕಟ ವಿದ್ಯುತ್ ತಂತಿಯೊಳಗೆ ಇಳಿದ ಬಗೆ.

ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದಲ್ಲಿರುವ ಮದ್ದೂರು, ಮಳವಳ್ಳಿ ತಾಲ್ಲೂಕುಗಳಿಗೆ ಒಳ್ಳೆಯ ವರ್ಷದಲ್ಲೇ ನೀರು ತಡವಾಗಿ ತಲುಪುತ್ತದೆ. ನಾಲೆ ನಿಂತರೆ ರೈತನಿಗೆ ಉಳಿಯುವುದು ಕೊಳವೆಬಾವಿ. ಆದರೆ ಆ ಬಾವಿಗಳಿಗೆ ಜೀವ ತುಂಬುವುದೂ ನಾಲೆಯಿಂದ, ಗದ್ದೆಯಿಂದ ಇಂಗಿದ ನೀರೇ. ಹೀಗಾಗಿ ನಾಲೆ ನಿಂತ ಕಾಲದಲ್ಲಿ ಎರಡು ಪೆಟ್ಟು ಒಟ್ಟಿಗೆ ಬೀಳುತ್ತವೆ: ಹೆಚ್ಚು ಪಂಪ್‌ಸೆಟ್‌ಗಳು ಓಡಬೇಕು, ಪ್ರತಿಯೊಂದೂ ಹೆಚ್ಚು ಹೊತ್ತು ಓಡಬೇಕು. ಇದು ಮಂಡ್ಯವೊಂದರ ಕಥೆಯಲ್ಲ. ಒಳ್ಳೆಯ ಮಳೆಯಾಗಿದ್ದ 2022ರ ಅಕ್ಟೋಬರ್‌ನಲ್ಲಿ 10 ಸಾವಿರ ಮೆಗಾವ್ಯಾಟ್ ಆಸುಪಾಸಿನಲ್ಲಿದ್ದ ರಾಜ್ಯದ ಗರಿಷ್ಠ ಬೇಡಿಕೆ 2023ರ ಅಕ್ಟೋಬರ್‌ನಲ್ಲಿ 16 ಸಾವಿರದ ಸಮೀಪಕ್ಕೆ ಏರಿತು. ಜಲಾಶಯಗಳು ಬರಿದಾಗಿ ಜಲವಿದ್ಯುತ್ ಕುಸಿದಿದ್ದ ಹೊತ್ತಿನಲ್ಲೇ ಈ ಏರಿಕೆ ಬಂತು. ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಜಾರಿಗೊಳಿಸಿ, ರಾಜ್ಯದೊಳಗಿನ ಉತ್ಪಾದಕರೆಲ್ಲರೂ ಪೂರ್ಣ ಸಾಮರ್ಥ್ಯದಲ್ಲಿ ಉತ್ಪಾದಿಸಿ ರಾಜ್ಯಕ್ಕೇ ಕೊಡಬೇಕೆಂದಿತು. ಮದ್ದೂರು ತಾಲ್ಲೂಕಿನ ಕೊಪ್ಪ, ಕೆ.ಎಂ. ದೊಡ್ಡಿಯಂತಹ ಕಡೆ ಸಕ್ಕರೆ ಕಾರ್ಖಾನೆಗಳ ಜತೆಗಿರುವ ಸಹವಿದ್ಯುತ್ ಘಟಕಗಳಿಗೂ ಆ ಆದೇಶ ಅನ್ವಯಿಸಿತು. ಪಂಜಾಬ್, ಉತ್ತರ ಪ್ರದೇಶಗಳೊಂದಿಗೆ ವಿದ್ಯುತ್ ವಿನಿಮಯದ ಮಾತುಕತೆಯೂ ನಡೆಯಿತು. ಇಷ್ಟಾದರೂ ಸಾಲದೆ ಪಂಪ್‌ಸೆಟ್‌ಗಳ ಅವಧಿಯನ್ನು ಕತ್ತರಿಸಲಾಯಿತು. ನವೆಂಬರ್‌ನಲ್ಲಿ ಮತ್ತೆ 7 ಗಂಟೆಯ ಘೋಷಣೆ ಬಂದಿತು.

ದಿನಕ್ಕೆ 2 ಗಂಟೆ ಎಂದರೆ ಕೇಳಲು ಅಲ್ಪ. 5 ಅಶ್ವಶಕ್ತಿಯ ಮೋಟಾರು ಗಂಟೆಗೆ ಸುಮಾರು 4 ಯೂನಿಟ್ ಬಳಸುತ್ತದೆ. ತಪ್ಪಿದ್ದು ದಿನಕ್ಕೆ 8 ಯೂನಿಟ್. ಆದರೆ ತಿಂಗಳಿಗೆ ಅದು 60 ಗಂಟೆಯ ನೀರು. ತೆನೆಗಟ್ಟುವ ಹಂತದ ಭತ್ತಕ್ಕೆ ಆ ನೀರು ಮುಂದಿನ ತಿಂಗಳು ಸಿಕ್ಕಿ ಪ್ರಯೋಜನವಿಲ್ಲ.

ಅವಧಿ ಕಡಿತಕ್ಕೆ ಇನ್ನೊಂದು ಮುಖವೂ ಇದೆ. ಕರೆಂಟು ಯಾವಾಗ ಬರುವುದೋ ತಿಳಿಯದ ರೈತ ಆಟೋ ಸ್ಟಾರ್ಟರ್ ಹಾಕಿಸಿಕೊಳ್ಳುತ್ತಾನೆ. ರಾತ್ರಿ ಎರಡು ಗಂಟೆಗೆ ಫೀಡರ್ ಚಾರ್ಜ್ ಆದ ಕ್ಷಣವೇ ಒಂದು ಟಿಸಿಯಡಿಯ ಎಲ್ಲ ಮೋಟಾರುಗಳೂ ಒಟ್ಟಿಗೆ ಚಾಲೂ ಆಗುತ್ತವೆ. ವೋಲ್ಟೇಜ್ ಕುಸಿಯುತ್ತದೆ, ಮೋಟಾರಿನ ಕಾಯಿಲ್ ಸುಡುತ್ತದೆ, ಕೆಲವೊಮ್ಮೆ ಟಿಸಿಯೇ ಸುಡುತ್ತದೆ. ಗ್ರಾಮಾಂತರದಲ್ಲಿ ಸುಟ್ಟ ಟಿಸಿಯನ್ನು 72 ಗಂಟೆಯೊಳಗೆ ಬದಲಿಸಬೇಕೆಂದು ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಮಾನದಂಡವಿದೆ; ಪಟ್ಟಣಕ್ಕೆ 24 ಗಂಟೆ. ಗಡುವು ಪಾಲನೆಯಾದರೂ ಮೂರು ದಿನದ ನೀರು ಹೋಯಿತು. ಅವಧಿಯನ್ನು ಕುಗ್ಗಿಸಿದಷ್ಟೂ ಹೊರೆ ಒಂದೇ ಹೊತ್ತಿನಲ್ಲಿ ಒತ್ತುತ್ತದೆ ಎಂಬುದು ಎಂಜಿನಿಯರುಗಳಿಗೆ ತಿಳಿಯದ ವಿಚಾರವಲ್ಲ. ತ್ರೀಫೇಸ್ ಇಲ್ಲದ ಹೊತ್ತಿನಲ್ಲಿ ಕಂಡೆನ್ಸರ್ ಹಾಕಿ ಸಿಂಗಲ್ ಫೇಸ್‌ನಲ್ಲೇ ಮೋಟಾರು ಓಡಿಸುವ ಪದ್ಧತಿಗೂ ಮೂಲ ಇದೇ. ಅದನ್ನು ಕಳ್ಳತನವೆಂದು ಕರೆದು ಕೈತೊಳೆದುಕೊಳ್ಳುವುದು ಸುಲಭ.

ಇಷ್ಟೆಲ್ಲ ನಡೆದೂ ನಿಗಮದ ಲೆಕ್ಕಪತ್ರದಲ್ಲಿ ಅದು ಕಾಣದಿರಲು ಕಾರಣವೇನು? ಉತ್ತರ ಮೀಟರಿನಲ್ಲಿದೆ, ಅಥವಾ ಅದರ ಗೈರುಹಾಜರಿಯಲ್ಲಿದೆ. 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್‌ಗಳಿಗೆ 2008ರಿಂದ ಉಚಿತ ವಿದ್ಯುತ್ ಇದೆ. ಬಹುಪಾಲು ಪಂಪ್‌ಸೆಟ್‌ಗಳಿಗೆ ಮೀಟರಿಲ್ಲ. ಫೀಡರ್ ಮತ್ತು ಟಿಸಿ ಮಟ್ಟದ ಮಾಪನದಿಂದ ಬಳಕೆಯನ್ನು ಅಂದಾಜಿಸಿ, ಆಯೋಗ ನಿಗದಿಪಡಿಸಿದ ದರದಲ್ಲಿ ಸರ್ಕಾರ ಸಹಾಯಧನ ಕೊಡುತ್ತದೆ. ಇಲ್ಲಿ ಕಂಪನಿಯ ಗ್ರಾಹಕ ರೈತನಲ್ಲ, ವಿಧಾನಸೌಧ. ಅಂದಾಜು ಹೆಚ್ಚಿದರೆ ಸಹಾಯಧನ ಹೆಚ್ಚುತ್ತದೆ, ಸೋರಿಕೆಯೂ ಅದರಡಿ ಅಡಗಬಲ್ಲದು ಎಂಬ ಸಂಶಯ ಹೊಸದಲ್ಲ. ಮೀಟರ್ ಅಳವಡಿಸಿರೆಂದು ಆಯೋಗ ವಿತರಣಾ ಕಂಪನಿಗಳಿಗೆ ಪದೇ ಪದೇ ಹೇಳುತ್ತಲೇ ಬಂದಿದೆ. ರೈತರ ವಿರೋಧವಿದೆ ಎಂಬ ಸಿದ್ಧ ಉತ್ತರ ಅಷ್ಟೇ ಸಲ ಬಂದಿದೆ.

ರೈತರ ವಿರೋಧ ಸುಳ್ಳಲ್ಲ. ಇಂದು ಮೀಟರು, ನಾಳೆ ಬಿಲ್ಲು, ನಾಡಿದ್ದು ಖಾಸಗಿ ಕಂಪನಿ ಎಂಬ ಅನುಮಾನ ಈ ಜಿಲ್ಲೆಯಲ್ಲಿ ಆಳವಾಗಿದೆ. ಕೇಂದ್ರದ ವಿದ್ಯುತ್ ತಿದ್ದುಪಡಿ ಮಸೂದೆಯ ಚರ್ಚೆ ಆ ಅನುಮಾನವನ್ನು ಬಲಪಡಿಸಿತು. ರೈತ ಚಳವಳಿ ನಾಲ್ಕು ದಶಕಗಳಿಂದ ಬೇರು ಬಿಟ್ಟಿರುವ ಮಣ್ಣಿನಲ್ಲಿ ಅಧಿಕಾರಿಯ ಮಾತಿಗಷ್ಟೇ ಈ ಭಯ ಕರಗದು.

ಆದರೂ ಗೃಹಜ್ಯೋತಿ ಒಂದು ಹೊಸ ಸಂಗತಿಯನ್ನು ತೋರಿಸಿಕೊಟ್ಟಿತು. 2022-23ರ ಸರಾಸರಿ ಬಳಕೆಯ ಮೇಲೆ ಶೇ 10ರಷ್ಟು ಸೇರಿಸಿ, 200 ಯೂನಿಟ್ ಮಿತಿಯೊಳಗೆ ಉಚಿತ ಎಂಬುದು ಆಗ ನಿಗದಿಯಾದ ಸೂತ್ರ. ಅದಕ್ಕೆ ಮೀಟರ್ ಇರಲೇಬೇಕು, ತಿಂಗಳಿಗೊಮ್ಮೆ ಓದಲೇಬೇಕು. ಮೀಟರ್ ಓಡಿತು, ಬಿಲ್ಲು ಶೂನ್ಯವಾಯಿತು. ಅಳತೆಯೂ ಉಚಿತವೂ ಒಟ್ಟಿಗೆ ಇರಬಲ್ಲವು ಎಂದಾಯಿತು. ಹಾಗಿದ್ದರೆ ಅದೇ ನಿಗಮ ಅದೇ ಊರಿನಲ್ಲಿ ಗದ್ದೆಯ ಮೋಟಾರಿಗೆ ಇದು ಸಾಧ್ಯವಿಲ್ಲವೆನ್ನಲು ಯಾವ ತಾಂತ್ರಿಕ ಕಾರಣವಿದೆ? ಮೀಟರ್ ಇದ್ದಿದ್ದರೆ 2023ರ ಅಕ್ಟೋಬರ್‌ನಲ್ಲಿ ಯಾವ ಹಳ್ಳಿಯ ಫೀಡರ್‌ಗೆ 5 ಗಂಟೆ ಸಿಕ್ಕಿತು, ಯಾವುದಕ್ಕೆ 3 ಗಂಟೆ ಸಿಕ್ಕಿತು ಎಂಬುದು ರೈತನ ಕೈಯಲ್ಲೇ ಇರುತ್ತಿತ್ತು. ಈಗ ಅದು ಉಪಕೇಂದ್ರದ ಲಾಗ್‌ಬುಕ್ಕಿನಲ್ಲಿದೆ. ರೈತನ ಬಳಿ ಇರುವುದು ನೆನಪು ಮಾತ್ರ. ಮೀಟರ್ ಸರ್ಕಾರಕ್ಕೆ ರೈತನ ಲೆಕ್ಕ ಹೇಳುವಂತೆಯೇ ರೈತನಿಗೆ ಕಂಪನಿಯ ಲೆಕ್ಕವನ್ನೂ ಹೇಳುತ್ತದೆ. ಈ ಎರಡನೆಯ ಮಾತನ್ನು ನಿಗಮವೂ ಆಡಿಲ್ಲ, ಸಂಘಟನೆಗಳೂ ಕೇಳಿಲ್ಲ.

ಪಟ್ಟಣದ ಗ್ರಾಹಕನಿಗೆ ಆ ವರ್ಷ ಬೇರೆಯೇ ಚಿಂತೆ. 2023ರ ಮೇ 12ರಂದು, ವಿಧಾನಸಭೆ ಮತ ಎಣಿಕೆಯ ಮುನ್ನಾದಿನ, ಯೂನಿಟ್‌ಗೆ ಸರಾಸರಿ 70 ಪೈಸೆ ದರ ಏರಿತು; ಏಪ್ರಿಲ್‌ನಿಂದಲೇ ಅನ್ವಯವಾದ್ದರಿಂದ ಜೂನ್ ಬಿಲ್ಲು ಹಲವರನ್ನು ಬೆಚ್ಚಿಬೀಳಿಸಿತು. ಮರುವರ್ಷ ಗೃಹಬಳಕೆಗೆ 5 ರೂಪಾಯಿ 90 ಪೈಸೆಯ ಏಕದರ ಬಂದಿತು. ಈ ಏರಿಳಿತಕ್ಕೆ ಸುದ್ದಿಯ ಜಾಗ ಸಿಕ್ಕಿತು, ಆಯೋಗದ ಮುಂದೆ ಆಕ್ಷೇಪಣೆಗಳು ಬಂದವು. ಅಳತೆಯಿದ್ದವನಿಗೆ ಜಗಳವಾಡಲು ಕಾಗದವಿತ್ತು.

2023ರ ಸೆಪ್ಟೆಂಬರ್ 22ರ ನಂತರ ನೋಂದಾಯಿಸುವ ಹೊಸ ಪಂಪ್‌ಸೆಟ್‌ಗಳಿಗೆ ಕಂಬ, ತಂತಿ, ಟಿಸಿಯ ವೆಚ್ಚವನ್ನು ರೈತರೇ ಭರಿಸಬೇಕೆಂದು ಸರ್ಕಾರ ತೀರ್ಮಾನಿಸಿತು. ಬರದ ನಡುವೆಯೇ ಕೊಳವೆಬಾವಿ ಕೊರೆಸಿದವರಿಗೆ ಈ ದಿನಾಂಕ ಹೊಸ ಹೊರೆಯಾಯಿತು. ಸರ್ಕಾರ ಈಗ ಭರವಸೆ ಇಟ್ಟಿರುವುದು ಸೌರಶಕ್ತಿಯ ಮೇಲೆ. ಉಪಕೇಂದ್ರಗಳ ಬಳಿ ಸೌರ ಘಟಕ ಸ್ಥಾಪಿಸಿ ಪಂಪ್‌ಸೆಟ್ ಫೀಡರ್‌ಗಳಿಗೆ ಹಗಲಿನಲ್ಲೇ 7 ಗಂಟೆ ವಿದ್ಯುತ್ ಕೊಡುವ ಕುಸುಮ್-ಸಿ ಯೋಜನೆಗೆ 2025ರ ಜೂನ್‌ನಲ್ಲಿ ಗೌರಿಬಿದನೂರು ತಾಲ್ಲೂಕಿನಲ್ಲಿ ಚಾಲನೆ ಸಿಕ್ಕಿತು. ರಾತ್ರಿ ಗದ್ದೆಗೆ ಹೋಗಿ ಹಾವು ತುಳಿಯುವ ಭಯವಾದರೂ ಇದರಿಂದ ತಪ್ಪಲಿ. ಆದರೆ ಸೌರ ಘಟಕ ಉತ್ಪಾದಿಸಿದ ಪ್ರತಿ ಯೂನಿಟ್‌ಗೂ ಕಂಪನಿ ಹಣ ಪಾವತಿಸುವುದರಿಂದ ಅಲ್ಲಿ ಮೀಟರ್ ಕಡ್ಡಾಯ. ಅದನ್ನು ಅಳವಡಿಸುವುದು ಘಟಕದ ಬಾಗಿಲಲ್ಲಿ, ಕೊಳವೆಬಾವಿಯ ಬಳಿಯಲ್ಲಲ್ಲ.