ಗೋಡೆಯನ್ನು ಕೆಡವಿದ್ದು ಮಣ್ಣಲ್ಲ, ತೇವ

2019ರ ಆಗಸ್ಟ್ ಮಳೆಗೆ ಧಾರವಾಡ ಜಿಲ್ಲೆಯಲ್ಲಿ ಸಾವಿರಾರು ಮಣ್ಣಿನ ಮನೆಗಳು ಕುಸಿದವು. ಪೂರ್ಣ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. ಅಂದಿನಿಂದ ಒಂದು ಮಾತು ಊರೂರಲ್ಲಿ ಬೇರುಬಿಟ್ಟಿದೆ: ಮಣ್ಣಿನ ಮನೆಯೆಂದರೆ ಬೀಳುವ ಮನೆ, ಸಿಮೆಂಟೊಂದೇ ಗತಿ. ಇತ್ತ ಮಣ್ಣನ್ನು ಮೆಚ್ಚುವ ನಮ್ಮ ಗೆಳೆಯರಲ್ಲಿ ಕೆಲವರು, ನಾರು ಬೆರೆಸಿದರೆ ಸಾಕು, ಗೋಡೆ ಕಲ್ಲಾಗುತ್ತದೆ ಎನ್ನುತ್ತಾರೆ. ಈ ಎರಡು ಮಾತುಗಳನ್ನೂ ನಾನು ಒಪ್ಪಲಾರೆ. ಎರಡನೆಯದು ನಮ್ಮವರದೇ ಆದ್ದರಿಂದ ಅದರ ಮೇಲೆ ನನಗೆ ಸಿಟ್ಟು ಹೆಚ್ಚು.

ಧಾರವಾಡ ತಾಲ್ಲೂಕಿನ ಗರಗ ರಾಷ್ಟ್ರಧ್ವಜದ ಖಾದಿ ಬಟ್ಟೆ ನೇಯ್ದು ಹೆಸರಾದ ಊರು. ಹತ್ತಿಯ ಎಳೆಗೆ ಒಂದು ಗುಣವುಂಟು: ನೆನೆದಾಗ ಅದರ ಬಲ ಕುಗ್ಗುವುದಿಲ್ಲ, ತುಸು ಹೆಚ್ಚುತ್ತದೆ. ಎಳೆಯ ಬಲವೇ ಎಲ್ಲವೂ ಆಗಿದ್ದರೆ ನಾರು ಬೆರೆತ ಗೋಡೆ ಮಳೆಗಾಲದಲ್ಲಿ ಗಟ್ಟಿಯಾಗಬೇಕಿತ್ತು. ಆಗುವುದಿಲ್ಲ. ಬಿದ್ದ ಗೋಡೆಯ ಹೆಂಟೆಯೊಂದನ್ನು ಒಡೆದು ನೋಡಿರಿ. ಹುಲ್ಲಿನ ಎಳೆಗಳು ಬಹುಮಟ್ಟಿಗೆ ತುಂಡಾಗಿರುವುದಿಲ್ಲ, ಮಣ್ಣಿನಿಂದ ಜಾರಿ ಇಡಿಯಾಗಿ ಹೊರಬಂದಿರುತ್ತವೆ. ಸೋತದ್ದು ನಾರಲ್ಲ, ನಾರನ್ನು ಹಿಡಿದ ಮಣ್ಣಿನ ಮುಷ್ಟಿ.

ಒಣಗುತ್ತಿರುವ ಜೇಡಿಯಲ್ಲಿ ಕಣಗಳ ನಡುವೆ ಉಳಿದ ಅಲ್ಪ ನೀರು ಅವುಗಳನ್ನು ಒಂದರತ್ತ ಒಂದನ್ನು ಸೆಳೆದು ಹಿಡಿಯುತ್ತದೆ. ಅದೇ ಸೆಳೆತ ನಾರನ್ನೂ ಬಿಗಿಯುತ್ತದೆ. ತೇವ ಏರಿದಂತೆ ಸೆಳೆತ ಸಡಿಲಗೊಂಡು, ನಾರಿನ ಸುತ್ತ ಜಾರುವ ಪದರವಾಗುತ್ತದೆ. ಎರೆಮಣ್ಣಿನಲ್ಲಿ ಇದು ಇನ್ನೂ ತೀವ್ರ. ಅದರ ಜೇಡಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಹುಲ್ಲು, ಪುಂಡಿನಾರು, ತೆಂಗಿನನಾರುಗಳೂ ನೀರು ಕುಡಿದು ದಪ್ಪವಾಗಿ, ಒಣಗಿದಾಗ ಸೊರಗಿ ಸುತ್ತ ಸಣ್ಣ ಸಂದು ಉಳಿಸುತ್ತವೆ. ಬಹುಕಾಲ ಒದ್ದೆಯಿದ್ದರೆ ಕೊಳೆಯುತ್ತವೆ.

ಹಾಗೆಂದು ನಾರು ವ್ಯರ್ಥವಲ್ಲ. ಗೋಡೆ ಒಣಗುವಾಗ ಬಿರುಕುಗಳು ಅಗಲವಾಗದಂತೆ ಅದು ತಡೆಯುತ್ತದೆ. ನಾರಿಲ್ಲದ ಗೋಡೆ ಒಮ್ಮೆಲೇ ಒಡೆದರೆ, ನಾರಿರುವ ಗೋಡೆ ಮೊದಲು ಉಬ್ಬಿ, ಬಾಗಿ ಮುನ್ಸೂಚನೆ ಕೊಡುತ್ತದೆ. ತೊಟ್ಟಿಲಲ್ಲಿ ಮಲಗಿದ ಮಗುವನ್ನು ಎತ್ತಿಕೊಂಡು ಹೊರಗೋಡಲು ಅಷ್ಟು ಸಮಯ ಸಾಕಾದೀತು. ಆದರೆ ಅಳತೆ ಮೀರಬಾರದು. ತೂಕದಲ್ಲಿ ಶೇಕಡಾ 1ರ ಆಸುಪಾಸು ದಾಟಿದರೆ ಎಳೆಗಳು ಗಂಟುಗಟ್ಟಿ ಬಲವನ್ನೇ ತಗ್ಗಿಸಬಹುದು.

ಈಗ ಮುಖ್ಯ ಪ್ರಶ್ನೆ: ತಲೆಮಾರುಗಳ ಕಾಲ ನಿಂತ ಗೋಡೆಗೆ ಇಷ್ಟು ತೇವ ಎಲ್ಲಿಂದ ಬಂತು? ಮಳೆ ಹೆಚ್ಚಿದ್ದು ನಿಜ. ಆದರೆ ಕಾಂಕ್ರೀಟ್ ರಸ್ತೆಯ ಮೇಲೆ ಮತ್ತೊಂದು ರಸ್ತೆ ಹಾಕಿ, ಬೀದಿಯನ್ನು ಹೊಸ್ತಿಲಿಗಿಂತ ಎತ್ತರಿಸಿದವರು ಯಾರು? ಗಟಾರವಿಲ್ಲದ ಆ ಬೀದಿಯ ನೀರೆಲ್ಲ ಗೋಡೆಯ ಬುಡಕ್ಕೇ ಇಳಿಯುತ್ತದೆ. ಚೆಂದಕ್ಕೆಂದು ಮಣ್ಣಿನ ಗೋಡೆಗೆ ಸಿಮೆಂಟು ಗಿಲಾವು ಬಳಿದೆವು. ಬುಡದಿಂದ ಏರಿದ ತೇವ ಮೊದಲು ಮೈಯಿಂದ ಆರುತ್ತಿತ್ತು, ಈಗ ಒಳಗೇ ಸೆರೆಯಾಯಿತು. ಮಾಳಿಗೆಗೆ ವರ್ಷವರ್ಷವೂ ಮಣ್ಣು ಹಾಕುವ ರೂಢಿಯನ್ನೂ ಕೈಬಿಟ್ಟೆವು. ಇಷ್ಟೆಲ್ಲ ಮಾಡಿ, ಪಂಚನಾಮೆಯಲ್ಲಿ 'ಕಚ್ಚಾ ಮನೆ' ಎಂದು ಬರೆದು ಕೈತೊಳೆದುಕೊಳ್ಳುವುದು ಯಾವ ನ್ಯಾಯ?

ಮಾರಾಟಗಾರರು ಒಣ ಇಟ್ಟಿಗೆಯ ಬಲವನ್ನಷ್ಟೇ ಹೇಳಿದರೆ ವಿದ್ಯಾರ್ಥಿಗಳು ಸುಮ್ಮನಿರಬಾರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರದ ಕೆಲಸದಿಂದ ನಮ್ಮಲ್ಲಿ ಪರಿಚಿತವಾದ ಒತ್ತಿದ ಮಣ್ಣಿನ ಇಟ್ಟಿಗೆಯನ್ನು ನೀರಿನಲ್ಲಿ ನೆನೆಸಿಯೇ ಒತ್ತಿ ಪರೀಕ್ಷಿಸುವ ಪದ್ಧತಿಯಿದೆ. ನಾರಿನ ಇಟ್ಟಿಗೆಗೂ ಅದೇ ಪರೀಕ್ಷೆ ಆಗಲಿ. ಎರೆಮಣ್ಣಾದರೆ ಸಿಮೆಂಟಿಗಿಂತ ಸುಣ್ಣ ಹೊಂದುತ್ತದೆ. ಮರಳುಮಿಶ್ರಿತ ಕೆಂಪು ಮಣ್ಣು ಸಿಕ್ಕರೆ ಇನ್ನೂ ಒಳ್ಳೆಯದು.

ಘಟ್ಟದ ಮೇಲಿನ ನಮಗೂ ಇದು ಸಂಬಂಧಿಸಿದ್ದೇ. ಗುಡ್ಡದ ಬುಡ ಕಡಿದು ರಸ್ತೆ ಮಾಡಿ, ಇಳಿಜಾರಿಗೆ ನಾರಿನ ಬಲೆ ಹೊದಿಸಿದರೆ ಮಣ್ಣು ನಿಲ್ಲುತ್ತದೆಂದು ನಂಬಿಸುವವರಿದ್ದಾರೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದದ್ದನ್ನು ಕಂಡ ಮೇಲೂ ಈ ಮಾತು ನಿಂತಿಲ್ಲ. ಮರದ ಬೇರು ಮಣ್ಣನ್ನು ಹಿಡಿಯುವುದರ ಜೊತೆಗೆ ಅದರ ನೀರನ್ನೂ ಹೀರುತ್ತದೆ. ಬಲೆ ಹೀರುವುದಿಲ್ಲ.

ಮುಂದಿನ ಗ್ರಾಮಸಭೆಗೆ ಹೋಗುವ ಮುನ್ನ ಒಂದು ಹಗ್ಗ ಹಿಡಿದು ನಿಮ್ಮ ಹೊಸ್ತಿಲಿಗೂ ಬೀದಿಗೂ ಇರುವ ಎತ್ತರದ ಅಂತರ ಅಳೆಯಿರಿ. ಬೀದಿ ಮೇಲಿದ್ದರೆ ಆ ಅಳತೆಯನ್ನು ಅರ್ಜಿಯಲ್ಲಿ ಬರೆದು, ಹೊಸ ರಸ್ತೆಗೆ ಮೊದಲು ಗಟಾರ ಕೇಳಿರಿ.